ಹಾಸಿಗೆಯ ಪಕ್ಕದ ಪಾಠ

1970ರ ದಶಕದ ಆರಂಭದಲ್ಲಿ ಮಂಡ್ಯ ಜಿಲ್ಲೆಯ ಸಂತೆಬಾಚಹಳ್ಳಿ ಹೋಬಳಿಯ ಹೆಣ್ಣುಮಗಳೊಬ್ಬಳು ಎಸ್ಸೆಸ್ಸೆಲ್ಸಿ ಪಾಸಾದರೆ ಮನೆಯಲ್ಲಿ ನಡೆಯುತ್ತಿದ್ದ ಮಾತು ಹೆಚ್ಚುಕಮ್ಮಿ ಒಂದೇ. ಒಳ್ಳೆ ಕಡೆಯ ಸಂಬಂಧ ಬಂದರೆ ಮದುವೆ, ಬರುವ ತನಕ ಬೇಕಿದ್ದರೆ ಟೀಚರ್ ಟ್ರೈನಿಂಗು. ನರ್ಸ್ ಕೆಲಸವೆಂದರೆ ಹಿರಿಯರು ಮುಖ ಗಂಟಿಕ್ಕುತ್ತಿದ್ದರು. ಗಂಡಸರ ಮೈ ಮುಟ್ಟಬೇಕು, ರಾತ್ರಿ ಪಾಳಿ ಮಾಡಬೇಕು, ಯಾವ ಜಾತಿಯವರ ಹೇಲು ಉಚ್ಚೆಯಾದರೂ ತೆಗೆಯಬೇಕು. ಗಂಡು ಎಲ್ಲಿ ಸಿಗುತ್ತದೆ?

ಅಂಥ ಮನೆಯೊಂದರಿಂದ ಹೊರಟು ಮೈಸೂರಿನಲ್ಲಿ ಜನರಲ್ ನರ್ಸಿಂಗ್ ಕಲಿತು, ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಆಗಿ, ಆಮೇಲೆ ನರ್ಸಿಂಗ್ ಟ್ಯೂಟರ್ ಆಗಿ, ಅರವತ್ತಕ್ಕೆ ನಿವೃತ್ತರಾದ ಮೇಲೂ ಕಾಲೇಜುಗಳಿಗೆ ಹೋಗಿ ಪಾಠ ಮಾಡಿದ ಒಬ್ಬರ ನೆನಪುಗಳಿವು. ಹೆಸರು ಹಾಕುವುದು ಬೇಡವೆಂದು ಅವರೇ ಹೇಳಿದ್ದಾರೆ. ಊರಿನಲ್ಲಿ ಎಲ್ಲರಿಗೂ ಅವರು ಸಿಸ್ಟರ್. ಇಲ್ಲೂ ಹಾಗೇ ಇರಲಿ.

ಸಿಸ್ಟರ್ ಈ ಕೆಲಸಕ್ಕೆ ಬರಲು ಅವರ ತಮ್ಮ ಕಾರಣ. ಮನೆಯಲ್ಲೇ ಹುಟ್ಟಿದ ಕೂಸು ಮೊದಲ ದಿನಗಳಲ್ಲಿ ಚೆನ್ನಾಗಿಯೇ ಹಾಲು ಕುಡಿಯುತ್ತಿತ್ತಂತೆ. ವಾರ ತುಂಬುವ ಹೊತ್ತಿಗೆ ಬಾಯಿ ಬಿಡದೆ ಹೋಯಿತು. ದವಡೆ ಕಚ್ಚಿಕೊಂಡಿತು, ಮುಟ್ಟಿದರೆ ಸಾಕು ಮೈಯೆಲ್ಲ ಸೆಟೆದುಕೊಳ್ಳುತ್ತಿತ್ತು. ಗ್ರಹ ಬಡಿದಿದೆ ಎಂದು ಮಂತ್ರ ಹಾಕಿಸಿದರು. ಮಗು ಉಳಿಯಲಿಲ್ಲ. ನರ್ಸಿಂಗ್ ಶಾಲೆಯಲ್ಲಿ ಧನುರ್ವಾಯುವಿನ ಪಾಠ ನಡೆದ ದಿನ ಸಿಸ್ಟರ್‌ಗೆ ತಮ್ಮನ ಸಾವಿನ ಕಾರಣ ತಿಳಿಯಿತು. ಹೊಕ್ಕುಳಬಳ್ಳಿ ಕೊಯ್ದ ಕುಡುಗೋಲು, ಅದರ ಮೇಲೆ ಮೆತ್ತಿದ ಬೂದಿ, ಬಸುರಿಗೆ ಚುಚ್ಚಿಸದೇ ಹೋದ ಟಿ.ಟಿ. ಇಂಜೆಕ್ಷನ್. ಇಷ್ಟರಲ್ಲಿ ಯಾವುದೊಂದು ಸರಿಯಿದ್ದರೂ ತಮ್ಮ ಬದುಕುತ್ತಿದ್ದನೇನೋ ಎಂಬ ಲೆಕ್ಕವನ್ನು ಅವರು ಅಂದಿನಿಂದ ಬಿಟ್ಟಿಲ್ಲ. ಭಾರತ ತಾಯಿ-ಮಗುವಿನ ಧನುರ್ವಾಯುವನ್ನು ನಿವಾರಿಸಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದು 2015ರಲ್ಲಿ. ಆ ಸುದ್ದಿ ಬಂದ ಪತ್ರಿಕೆಯನ್ನು ಕತ್ತರಿಸಿ ಇಟ್ಟುಕೊಂಡಿದ್ದಾರೆ.

ದೇಶದಲ್ಲಿ ನರ್ಸುಗಳು ಎಷ್ಟು ಕಡಿಮೆ ಇದ್ದರು ಎಂಬುದು ಇವತ್ತಿನವರಿಗೆ ಅಂದಾಜಾಗುವುದು ಕಷ್ಟ. 1946ರ ಭೋರ್ ಸಮಿತಿ ವರದಿಯ ಪ್ರಕಾರ ಆಗ 6,300 ಜನಕ್ಕೆ ಒಬ್ಬ ಡಾಕ್ಟರ್ ಇದ್ದರೆ, ನರ್ಸ್ ಇದ್ದದ್ದು 43,000 ಜನಕ್ಕೆ ಒಬ್ಬರು. ಹಗಲೂ ರಾತ್ರಿ ರೋಗಿಯ ಬಳಿ ಇರಬೇಕಾದವರು ಡಾಕ್ಟರುಗಳ ಏಳರಲ್ಲಿ ಒಂದು ಪಾಲು! ಮೈಸೂರು ಸೀಮೆ ಮಾತ್ರ ಈ ವಿಷಯದಲ್ಲಿ ಸ್ವಲ್ಪ ಮೊದಲೇ ಎಚ್ಚೆತ್ತಿತ್ತು. ಮೈಸೂರಿನ ಮೇರಿ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, ಹೆಂಗಸರು ಮಕ್ಕಳಿಗೆಂದು 1906ರಲ್ಲೇ ಬಾಗಿಲು ತೆರೆದಿತ್ತು. ರಾಕ್‌ಫೆಲ್ಲರ್ ಫೌಂಡೇಶನ್ ನೆರವಿನಿಂದ 1929ರಲ್ಲಿ ಮಂಡ್ಯದಲ್ಲಿ ಹಳ್ಳಿಗಳಿಗಾಗಿಯೇ ಒಂದು ಆರೋಗ್ಯ ಘಟಕ ಶುರುವಾಯಿತು. ಕನ್ನಂಬಾಡಿ ನೀರು ನಾಲೆಯಲ್ಲಿ ಹರಿದು ಬಂದಾಗ ಗದ್ದೆಯ ಜೊತೆ ಮಲೇರಿಯಾವೂ ಬಂತು. ಮನೆಮನೆಗೆ ನಡೆದು ಹೋಗುವ ಆರೋಗ್ಯ ಕೆಲಸಕ್ಕೆ ಮಂಡ್ಯದ ನೆಲದಲ್ಲಿ ಹೀಗೆ ಹತ್ತಿರ ಹತ್ತಿರ ನೂರು ವರ್ಷದ ಚರಿತ್ರೆಯಿದೆ. ಪಠ್ಯದಲ್ಲಿ ಇಂಗ್ಲೆಂಡಿನ ಫ್ಲಾರೆನ್ಸ್ ನೈಟಿಂಗೇಲ್ ಇದ್ದಾಳೆ, ಇರಲೇಬೇಕು. ಆದರೆ ಮಂಡ್ಯದ ಮಕ್ಕಳಿಗೆ ಮಂಡ್ಯದ ಈ ಕಥೆಯನ್ನೂ ಹೇಳಬೇಕು ಎಂಬುದು ಸಿಸ್ಟರ್ ಹಠ. ತಾವು ಟ್ಯೂಟರ್ ಆದ ಮೇಲೆ ಮೊದಲ ವರ್ಷದ ಮೊದಲ ಕ್ಲಾಸಿನಲ್ಲೇ ಹೇಳುತ್ತಿದ್ದರು.

ಅವರು ಕಲಿತ ಕಾಲದ ವಾರ್ಡು ಬೇರೆಯೇ. ಗಾಜಿನ ಸಿರಿಂಜು, ಉಕ್ಕಿನ ಸೂಜಿ. ಬೆಳಗಿನ ಪಾಳಿಗೆ ಬಂದ ವಿದ್ಯಾರ್ಥಿನಿಯ ಮೊದಲ ಕೆಲಸ ಸ್ಟೆರಿಲೈಸರ್‌ಗೆ ನೀರು ತುಂಬಿ, ಸಿರಿಂಜಿನ ಒಳಗೊಳವೆ ಹೊರಗೊಳವೆ ಬೇರೆ ಮಾಡಿ, ಬಟ್ಟೆ ಸುತ್ತಿ ಇಪ್ಪತ್ತು ನಿಮಿಷ ಕುದಿಸುವುದು. ಸೂಜಿಯ ಮೊನೆ ಬಗ್ಗಿದೆಯೇ ಎಂದು ನೋಡಲು ಹತ್ತಿಯ ಮೇಲೆ ಎಳೆಯುತ್ತಿದ್ದರು. ಎಳೆ ಸಿಕ್ಕಿಕೊಂಡರೆ ಸಾಣೆಕಲ್ಲಿಗೆ ಉಜ್ಜಬೇಕು, ಇಲ್ಲದಿದ್ದರೆ ರೋಗಿಗೆ ನೋವು. ಕುದಿಸಿದ ಸಿರಿಂಜನ್ನು ಚೀಟಲ್ ಫೋರ್ಸೆಪ್ಸ್ ಎಂಬ ಇಕ್ಕಳದಲ್ಲೇ ಎತ್ತಿ ಜೋಡಿಸಬೇಕು, ಬೆರಳು ತಾಗಿದರೆ ಮತ್ತೆ ಒಲೆಗೆ. ವಾರ್ಡ್ ಸಿಸ್ಟರ್ ಹಿಂದೆಯೇ ನಿಂತಿರುತ್ತಿದ್ದರು. 1986ರಲ್ಲಿ ಮದ್ರಾಸಿನಲ್ಲಿ ಎಚ್‌ಐವಿ ಪತ್ತೆಯಾದ ಮೇಲೆ ಬಳಸಿ ಬಿಸಾಡುವ ಸಿರಿಂಜು ಕ್ರಮೇಣ ಎಲ್ಲ ಕಡೆ ಬಂತು. ಅದು ಒಳ್ಳೆಯದೇ ಆಯಿತು. ಒಂದು ವಿಷಯವನ್ನು ಮಾತ್ರ ಸಿಸ್ಟರ್ ಒತ್ತಿ ಹೇಳುತ್ತಾರೆ: ಆ ಕುದಿಸುವ ಕೆಲಸದಲ್ಲಿ ಸೋಂಕು ಎಂದರೇನು ಎಂಬುದು ಪುಸ್ತಕಕ್ಕಿಂತ ಮೊದಲು ಕೈಗೆ ಗೊತ್ತಾಗುತ್ತಿತ್ತು.

ಇವರ ಇಡೀ ವೃತ್ತಿಜೀವನದ ವಾದವೂ ಇದೇ. ನರ್ಸಿಂಗ್ ಕೈಯಿಂದ ಕೈಗೆ ದಾಟುವ ವಿದ್ಯೆ. ಕಲಿಸುವವರು ಹಾಸಿಗೆಯ ಪಕ್ಕ ನಿಂತಿರಬೇಕು. ಡಿಗ್ರಿ ಬೇಡ ಎನ್ನುವವರಲ್ಲ ಅವರು. ತಾವೇ ಕೆಲಸಕ್ಕೆ ಸೇರಿ ವರ್ಷಗಳಾದ ಮೇಲೆ ಬೆಂಗಳೂರಿನಲ್ಲಿ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಿ ಬಂದವರು. ಡಿಗ್ರಿ ಹಿಡಿದು ವಾರ್ಡಿನಿಂದ ದೂರ ಹೋಗುವುದು ಅವರಿಗೆ ಸರಿಬರುವುದಿಲ್ಲ, ಅಷ್ಟೆ.

ಕೈಯ ವಿದ್ಯೆಯನ್ನು ಅವರಿಗೆ ಸರಿಯಾಗಿ ತೋರಿಸಿಕೊಟ್ಟವರು ಒಬ್ಬ ಸೂಲಗಿತ್ತಿ. ಮಿಡ್‌ವೈಫರಿ ಕಲಿಯುವಾಗ ಹಳ್ಳಿ ಪೋಸ್ಟಿಂಗ್ ಇರುತ್ತಿತ್ತು. ಒಂದು ಮನೆಯಲ್ಲಿ ನೋವು ತಿನ್ನುತ್ತಿದ್ದ ಹುಡುಗಿಯ ಹೊಟ್ಟೆಯ ಮೇಲೆ ಕೈಯಿಟ್ಟು ವಿದ್ಯಾರ್ಥಿನಿ ಮಗುವಿನ ತಲೆ ಎಲ್ಲಿದೆ ಎಂದು ಹುಡುಕುತ್ತಿದ್ದಾಗ ಪಕ್ಕದಲ್ಲಿ ಕೂತಿದ್ದ ಮುದುಕಿ, “ಬುಕ್ಕ ಓದಿದ್ದೀಯ, ಸರಿ. ಕೈಗೆ ಓದ್ಸಿಲ್ವಲ್ಲವ್ವ” ಎಂದು ಇವರ ಎರಡು ಅಂಗೈಯನ್ನೂ ಹಿಡಿದು ಒಂದು ಕಡೆ ಒತ್ತಿದರಂತೆ. ಗಟ್ಟಿಯಾಗಿ, ದುಂಡಗೆ, ಸ್ವಲ್ಪವೇ ಅಲುಗಾಡುವ ತಲೆ ಕೈಗೆ ಸಿಕ್ಕಿತು. ಇನ್ನೊಂದು ಬದಿಯಲ್ಲಿ ಬೆನ್ನು, ಉದ್ದಕ್ಕೆ ನುಣ್ಣಗೆ. ಆ ದಿನವೇ ಇವರೂ ಮುದುಕಿಗೆ ಐದು ಶುಚಿಯ ಪಾಠ ಹೇಳಿದರು: ಕೈ ಶುಚಿ, ಹೆರಿಗೆಯ ಜಾಗ ಶುಚಿ, ಬ್ಲೇಡು ಶುಚಿ, ಹೊಕ್ಕುಳು ಕಟ್ಟುವ ದಾರ ಶುಚಿ, ಹೊಕ್ಕುಳಿನ ಮೇಲೆ ಏನನ್ನೂ ಹಚ್ಚದ ಶುಚಿ. ಮುದುಕಿ ಕೊನೆಯದನ್ನು ಒಪ್ಪಲು ಬಹಳ ಹೊತ್ತು ಹಿಡಿಯಿತು. ಬೂದಿ ಹಚ್ಚದಿದ್ದರೆ ಒಣಗುವುದು ಹೇಗೆ ಎಂದು ವಾದಿಸಿದರು. ತಮ್ಮನ ಕಥೆ ಹೇಳಿದ ಮೇಲೆ ಸುಮ್ಮನಾದರು.

ಸೂಲಗಿತ್ತಿಯರನ್ನು ದೂರಿ ಮಾತಾಡುವುದು ಒಂದು ಕಾಲದಲ್ಲಿ ಆಸ್ಪತ್ರೆಗಳಲ್ಲಿ ರೂಢಿಯಾಗಿತ್ತು. ಸಿಸ್ಟರ್ ಎಂದೂ ಹಾಗೆ ಆಡಿದವರಲ್ಲ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ, ಆಸ್ಪತ್ರೆಗಳಿಲ್ಲದ ಕಡೆ ಸಾವಿರಾರು ತಾಯಂದಿರ ಕೈಹಿಡಿದ ಆ ತಾಯಿಗೆ ಸಿಕ್ಕ ಗೌರವ ತಮ್ಮ ಕೈ ತಿದ್ದಿದ ಮುದುಕಿಗೂ ಸಲ್ಲುತ್ತದೆ ಎಂದು ವಿದ್ಯಾರ್ಥಿಗಳಿಗೆ ಹೇಳಿದರು. ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು ಎಂಬುದರಲ್ಲಿ ಅವರಿಗೆ ಎರಡು ಮಾತಿಲ್ಲ. ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ಸಾಯುತ್ತಿದ್ದ ತಾಯಂದಿರು 2004-06ರ ಲೆಕ್ಕದಲ್ಲಿ 213, 2018-20ರಲ್ಲಿ 69. ಈ ಇಳಿತದ ಹಿಂದೆ ಜನನಿ ಸುರಕ್ಷಾ ಯೋಜನೆ, ಆಶಾ ಕಾರ್ಯಕರ್ತೆಯರು, ಆಂಬ್ಯುಲೆನ್ಸ್ ಎಲ್ಲ ಇವೆ. ಜೊತೆಗೆ, ಮಗು ಹೊರಬಂದ ಒಂದು ನಿಮಿಷದೊಳಗೆ ತಾಯಿಯ ತೊಡೆಗೆ ಹತ್ತು ಯೂನಿಟ್ ಆಕ್ಸಿಟೋಸಿನ್ ಚುಚ್ಚಿ, ಮಾಸು ಬಿದ್ದ ಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶ ಗಟ್ಟಿಯಾಯಿತೇ ಎಂದು ನೋಡುತ್ತಾ ಕೂರುವ ನರ್ಸಿನ ಕೈಯೂ ಇದೆ. ಅದು ಮೆತ್ತಗಾದರೆ ತಾಯಿ ಒಳಗೊಳಗೇ ರಕ್ತ ಕಳೆದುಕೊಳ್ಳುತ್ತಿದ್ದಾಳೆ ಎಂದರ್ಥ. ಅದನ್ನು ಮೊದಲು ತಿಳಿಯುವುದು ಆ ಅಂಗೈ.

ಕಬ್ಬಿನ ಸೀಮೆಯಲ್ಲಿ ಕೆಲಸ ಮಾಡಿದವರಿಗೆ ಇನ್ನೆರಡು ಕೇಸುಗಳು ಮರೆಯುವಂಥವಲ್ಲ. ಒಂದು ಹಾವು ಕಡಿದವರು, ಇನ್ನೊಂದು ಔಷಧಿ ಕುಡಿದವರು.

ಕೊಳಕುಮಂಡಲ ಕಡಿದವರು ಮಳೆಗಾಲದಲ್ಲಿ, ಕಬ್ಬು ಕಡಿಯುವ ಕಾಲದಲ್ಲಿ ಬರುತ್ತಿದ್ದರು. ಕಾಲಿಗೆ ಹಗ್ಗ ಬಿಗಿದು, ನಾಟಿ ಔಷಧಿ ಹಚ್ಚಿಸಿ, ಹೊತ್ತು ಮೀರಿ. ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡಿದೆಯೋ ಇಲ್ಲವೋ ಎಂದು ತಿಳಿಯಲು ದೊಡ್ಡ ಲ್ಯಾಬ್ ಬೇಡ. ಒಂದು ಒಣಗಿದ, ಶುದ್ಧವಾದ ಗಾಜಿನ ನಳಿಗೆಯಲ್ಲಿ ಎರಡು ಎಂ.ಎಲ್. ರಕ್ತ ಹಾಕಿ ಇಪ್ಪತ್ತು ನಿಮಿಷ ಅಲುಗಿಸದೆ ಇಡಬೇಕು. ಆಮೇಲೆ ಒಮ್ಮೆ ವಾಲಿಸಿ ನೋಡಬೇಕು. ರಕ್ತ ಹರಿದರೆ ವಿಷ ಏರಿದೆ, ವಿಷ ಇಳಿಸುವ ಮದ್ದು, ಆಂಟಿವೆನಮ್, ಹಾಕಲೇಬೇಕು. ನಳಿಗೆ ಪ್ಲಾಸ್ಟಿಕ್ ಆಗಿದ್ದರೆ, ಸೋಪಿನ ಅಂಶ ಉಳಿದಿದ್ದರೆ, ನಡುವೆ ಯಾರಾದರೂ ಎತ್ತಿ ನೋಡಿದರೆ ಫಲಿತಾಂಶ ಕೆಡುತ್ತದೆ. ಆ ಇಪ್ಪತ್ತು ನಿಮಿಷ ರೋಗಿಯ ಮನೆಯವರು, “ಏನೂ ಮಾಡ್ತಿಲ್ವಲ್ಲ ಸಿಸ್ಟ್ರೇ, ಸುಮ್ಕೆ ಕುಂತಿದ್ದೀರಲ್ಲ” ಎಂದು ಗೋಳಾಡುವುದು ಸಹಜ. ವಿದ್ಯಾರ್ಥಿಗಳಿಗೆ ಸಿಸ್ಟರ್ ಕಲಿಸುತ್ತಿದ್ದದ್ದು ಇದನ್ನೇ: ನಳಿಗೆ ಮುಟ್ಟಬೇಡಿ, ಆದರೆ ಮನೆಯವರನ್ನು ಹತ್ತಿರ ಕರೆದು ನಾವು ಏನನ್ನು ಕಾಯುತ್ತಿದ್ದೇವೆ ಎಂದು ಹೇಳಿ. ಆಂಟಿವೆನಮ್ ಡ್ರಿಪ್ ಶುರುವಾದ ಮೇಲೆ ಕುರ್ಚಿ ಹಾಕಿಕೊಂಡು ಪಕ್ಕದಲ್ಲೇ ಕೂರಿ. ತುರಿಕೆ, ದದ್ದು, ವಾಂತಿ, ಉಸಿರು ಕಟ್ಟುವುದು ಯಾವುದು ಕಂಡರೂ ಡ್ರಿಪ್ ನಿಲ್ಲಿಸಿ. ಅಡ್ರಿನಾಲಿನ್ ಮೊದಲೇ ಸಿರಿಂಜಿನಲ್ಲಿ ತುಂಬಿ ಇಟ್ಟಿರಬೇಕು.

ಔಷಧಿ ಕುಡಿದವರ ಮಾತು ಬಂದಾಗ ಅವರ ದನಿ ಬೇರೆಯಾಗುತ್ತದೆ. ಬೆಳೆಗೆ ಹೊಡೆಯುವ ಕೀಟನಾಶಕವೇ ಹೆಚ್ಚಾಗಿ. ಬಾಯಲ್ಲಿ ನೊರೆ, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ಅಟ್ರೋಪಿನ್ ಕೊಡುತ್ತಾ ಐದೈದು ನಿಮಿಷಕ್ಕೆ ನಾಡಿ, ಪಾಪೆ, ಎದೆಯ ಗೊರಗೊರ ಸದ್ದು ನೋಡಿ ಬರೆಯಬೇಕು. ಸಾಕಾಗದಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬಿ ಸಾಯುತ್ತಾರೆ, ಹೆಚ್ಚಾದರೆ ಭ್ರಮೆ ಬಂದು ಹಾಸಿಗೆಯಿಂದ ಎದ್ದು ಓಡುತ್ತಾರೆ. ರಾತ್ರಿಯೆಲ್ಲ ಒಬ್ಬರು ಅಲ್ಲೇ ಇರಬೇಕಾದ ಕೆಲಸ. 2015ರಲ್ಲಿ ಮಂಡ್ಯದ ರೈತರ ಆತ್ಮಹತ್ಯೆಗಳು ರಾಜ್ಯದ ಸುದ್ದಿಯಾದಾಗ ಜನ ಸಾಲ, ಕಬ್ಬಿನ ಬಾಕಿ ಎಂದು ಮಾತಾಡಿದರು. ಆಡಲೇಬೇಕಾದ ಮಾತೇ. ಆದರೆ ಬದುಕಿ ಉಳಿದವರು ಎಚ್ಚರಗೊಂಡ ಬೆಳಗಿನ ಜಾವ ಮೊದಲು ಕಾಣುವುದು ನರ್ಸಿನ ಮುಖವನ್ನು. ಆಗ ಏನು ಮಾತಾಡಬೇಕು, ಏನು ಕೇಳಬಾರದು ಎಂಬುದನ್ನು ಪರೀಕ್ಷೆಗೆ ಬರದಿದ್ದರೂ ಸಿಸ್ಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದರು. “ಯಾಕಪ್ಪ ಹಿಂಗ್ ಮಾಡ್ಕೊಂಡೆ” ಎಂದು ಕೇಳಬೇಡಿ. ನೀರು ಬೇಕೇ ಎಂದು ಕೇಳಿ. ಮನೆಯವರು ಹೊರಗಿದ್ದಾರೆ, ಕರೆಯಲೇ ಎಂದು ಕೇಳಿ. ಅವನೇ ಮಾತು ತೆಗೆದರೆ ಅಡ್ಡ ಬಾಯಿ ಹಾಕದೆ ಕೇಳಿಸಿಕೊಳ್ಳಿ.

ಟ್ಯೂಟರ್ ಆದ ಮೇಲಿನ ವರ್ಷಗಳಲ್ಲಿ ಅವರು ಕಂಡ ಬದಲಾವಣೆ ದೊಡ್ಡದು. 1986ರಲ್ಲಿ ಆದಿಚುಂಚನಗಿರಿ ಮಠದ ಬಾಲಗಂಗಾಧರನಾಥ ಸ್ವಾಮೀಜಿ ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಬಳಿ, ಈಗಿನ ಬಿ.ಜಿ. ನಗರದಲ್ಲಿ, ಮೆಡಿಕಲ್ ಕಾಲೇಜು ಆರಂಭಿಸಿದರು. ಬಯಲುಸೀಮೆಯ ಅಂಚಿನಲ್ಲಿ ಅಷ್ಟು ದೊಡ್ಡ ಆಸ್ಪತ್ರೆ ಬರುತ್ತದೆ ಎಂದು ಯಾರೂ ಎಣಿಸಿರಲಿಲ್ಲ. ಬೆಂಗಳೂರು-ಮಂಗಳೂರು ಹೆದ್ದಾರಿಯ ಅಪಘಾತಗಳು, ಸುತ್ತಲ ತಾಲ್ಲೂಕುಗಳ ಹೆರಿಗೆಗಳು ಅಲ್ಲಿಗೆ ಬರತೊಡಗಿದವು. ನರ್ಸಿಂಗ್ ಶಿಕ್ಷಣವೂ ಅಲ್ಲಿ ಬೇರೂರಿತು. ಈಗ ಆ ಕಾಲೇಜು ಆದಿಚುಂಚನಗಿರಿ ವಿಶ್ವವಿದ್ಯಾಲಯದ ಭಾಗ. ಮಂಡ್ಯದಲ್ಲಿ ಸರ್ಕಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಬಂತು. ಅವರ ಕಾಲದಲ್ಲಿ ಟ್ರಂಕು ಹೊತ್ತು ಮೈಸೂರಿಗೆ ಹೋಗಬೇಕಿದ್ದ ಹುಡುಗಿಗೆ ಈಗ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದಲ್ಲಿ ಬಿ.ಎಸ್ಸಿ. ನರ್ಸಿಂಗ್ ಸಿಗುತ್ತದೆ. ಇದನ್ನು ಹೇಳುವಾಗ ಸಿಸ್ಟರ್‌ಗೆ ಆಗುವ ಸಂತೋಷ ನೋಡಬೇಕು.

ಅದೇ ಕಾಲದಲ್ಲಿ, ವಿಶೇಷವಾಗಿ 2000ದ ನಂತರ, ರಾಜ್ಯದಲ್ಲಿ ನರ್ಸಿಂಗ್ ಕಾಲೇಜುಗಳು ವಿಪರೀತ ಹೆಚ್ಚಿದವು. ಕೇರಳದಿಂದ, ಈಶಾನ್ಯ ರಾಜ್ಯಗಳಿಂದ ಮಕ್ಕಳು ಬಂದರು. ಹತ್ತು ವಿದ್ಯಾರ್ಥಿಗೆ ಒಬ್ಬ ಶಿಕ್ಷಕರು, ಸ್ವಂತ ಆಸ್ಪತ್ರೆ ಎಂಬ ನಿಯಮಗಳು ಕಾಗದದಲ್ಲಿ ಇದ್ದೇ ಇದ್ದವು. ನಿವೃತ್ತಿಯ ನಂತರ ಸಿಸ್ಟರ್ ಪಾಠಕ್ಕೆ ಹೋಗಿದ್ದ ಒಂದು ಕಾಲೇಜಿನಲ್ಲಿ ಲ್ಯಾಬಿನ ಗೊಂಬೆಗೆ ಪ್ಲಾಸ್ಟಿಕ್ ಕವರ್ ಕೂಡ ತೆಗೆದಿರಲಿಲ್ಲ. ಮೂರನೇ ವರ್ಷದ ಹುಡುಗಿಗೆ ರೋಗಿಗೆ ಬೆಡ್ ಬಾತ್ ಕೊಡಲು ಹೇಳಿದರೆ ಕಣ್ಣಲ್ಲಿ ನೀರು. ಅವಳು ಯಾವತ್ತೂ ಕೊಟ್ಟಿರಲಿಲ್ಲ, ಯಾರೂ ತೋರಿಸಿರಲಿಲ್ಲ. ಆ ಹುಡುಗಿಯ ಮೇಲೆ ಸಿಸ್ಟರ್‌ಗೆ ಕೋಪ ಬರಲಿಲ್ಲ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತಾವೇ ಬೇಸನ್ ಹಿಡಿದು ಬಂದರು. ಮೊದಲು ಕಣ್ಣು, ಒಳಮೂಲೆಯಿಂದ ಹೊರಕ್ಕೆ, ಪ್ರತಿ ಕಣ್ಣಿಗೂ ಬಟ್ಟೆಯ ಬೇರೆ ಭಾಗ. ಒರೆಸುವ ಭಾಗವನ್ನು ಬಿಟ್ಟು ಉಳಿದ ಮೈಯೆಲ್ಲ ಮುಚ್ಚಿರಬೇಕು. ಬೆನ್ನಿಗೆ ಬಂದಾಗ ಸೊಂಟದ ಮೂಳೆಯ ಮೇಲೆ ಚರ್ಮ ಕೆಂಪಗಿದೆಯೇ ನೋಡು, ಬೆರಳಲ್ಲಿ ಒತ್ತಿ ಬಿಡು, ಕೆಂಪು ಹೋಗದಿದ್ದರೆ ಅದೇ ಬೆಡ್ ಸೋರಿನ ಶುರು. ಸ್ನಾನ ಮಾಡಿಸುವುದು ಆಯಾಳ ಕೆಲಸ ಎಂದುಕೊಂಡಿದ್ದ ಹುಡುಗಿಗೆ, ಮೈ ಒರೆಸುತ್ತಲೇ ರೋಗಿಯ ಚರ್ಮ, ಉಸಿರು, ನೋವು, ಮನಸ್ಸು ಎಲ್ಲವನ್ನೂ ಓದಬಹುದೆಂದು ಅರ್ಥವಾಯಿತು.

ನಮ್ಮಲ್ಲಿ ನರ್ಸಿಂಗ್ ಶಿಕ್ಷಣದ ಮುಖ್ಯ ತೊಡಕು ಇಲ್ಲೇ ಇದೆ. ಕಾಲೇಜಿನ ಶಿಕ್ಷಕಿಗೆ ವಾರ್ಡಿನಲ್ಲಿ ಅಧಿಕಾರವಿಲ್ಲ, ವಾರ್ಡಿನ ನರ್ಸಿಗೆ ಕಲಿಸಲು ಬಿಡುವಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುವವರೇ ರೋಗಿಗಳ ಆರೈಕೆಯ ಹೊಣೆಯನ್ನೂ ಹೊರುವ ಪದ್ಧತಿ ಇದೆ. ಅದನ್ನು ಸರ್ಕಾರಿ ವ್ಯವಸ್ಥೆಗೂ ತರಬೇಕೆಂದು ಸಿಸ್ಟರ್ ಸಭೆಗಳಲ್ಲಿ ಕೇಳುತ್ತಲೇ ಬಂದರು. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂರು ರೋಗಿಗೆ ಒಬ್ಬ ನರ್ಸ್, ಬೇರೆ ಆಸ್ಪತ್ರೆಗಳಲ್ಲಿ ಐದಕ್ಕೆ ಒಬ್ಬರು ಎಂಬುದು ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಮಾನದಂಡ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬಳೇ ನಿಂತವರಿಗೆ ಈ ಅಂಕಿ ಓದಿದಾಗ ಏನನ್ನಿಸುತ್ತದೆ ಎಂದು ಯಾರಾದರೂ ಕೇಳಬೇಕು. 1947ರ ಕೌನ್ಸಿಲ್ ಕಾಯಿದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ಶುಶ್ರೂಷಾ ಮತ್ತು ಸೂಲಗಿತ್ತಿ ಆಯೋಗದ ಕಾಯಿದೆ ಬಂದಿದೆ. ಹೊಸ ಆಯೋಗ ಮೊದಲು ಈ ಗಂಟನ್ನು ಬಿಡಿಸಲಿ ಎಂಬುದು ಅವರ ಆಸೆ.

2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಹೆಣ್ಣುಭ್ರೂಣ ಪತ್ತೆ ಮಾಡುತ್ತಿದ್ದ ಜಾಲವನ್ನು ಪೊಲೀಸರು ಬಯಲಿಗೆಳೆದಾಗ ಸಿಸ್ಟರ್ ದಿನಗಟ್ಟಲೆ ಸರಿಯಾಗಿ ಊಟ ಮಾಡಲಿಲ್ಲವಂತೆ. ಬಂಧಿತರಲ್ಲಿ ವೈದ್ಯರೂ ಆಸ್ಪತ್ರೆ ಸಿಬ್ಬಂದಿಯೂ ಇದ್ದರು. ಮರುವರ್ಷ ಪಾಂಡವಪುರದಿಂದಲೂ ಅಂಥದ್ದೇ ಸುದ್ದಿ. ಲಿಂಗಪತ್ತೆ ನಿಷೇಧದ ಕಾಯಿದೆ ಬಂದದ್ದು 1994ರಲ್ಲಿ. ಅಂದಿನಿಂದ ಪ್ರತಿ ಬ್ಯಾಚಿಗೂ ಅದನ್ನು ಓದಿಸಿದವರು ಇವರು. “ನಮ್ಮ ಕಸುಬಿನ ಕೈಗಳೂ ಇದಕ್ಕೆ ಸೇರಿಕೊಂಡುಬಿಟ್ಟವಲ್ಲಾ” ಎಂದು ಈಗಲೂ ಸಂಕಟಪಡುತ್ತಾರೆ. ಅವರ ಪ್ರಕಾರ ನರ್ಸಿಂಗ್ ವಿದ್ಯಾರ್ಥಿಗೆ ಕಾನೂನಿನ ಕಲಮು ಬಾಯಿಪಾಠವಾದರೆ ಸಾಲದು. ಕೆಲಸ ಹೋಗುತ್ತದೆ ಎಂಬ ಹೆದರಿಕೆಯಲ್ಲೂ ಒಲ್ಲೆ ಎನ್ನಲು, ದೂರು ಎಲ್ಲಿ ಕೊಡಬೇಕೆಂದು ತಿಳಿಯಲು ಅವಳಿಗೆ ಅಭ್ಯಾಸ ಮಾಡಿಸಬೇಕು. ಅದನ್ನೂ ಪಾತ್ರ ಹಾಕಿಸಿ ಕ್ಲಾಸಿನಲ್ಲಿ ಮಾಡಿಸಿದ್ದಾರೆ: ಒಬ್ಬಳು ಅತ್ತೆ, ಒಬ್ಬ ಗಂಡ, ಒಬ್ಬ ದಲ್ಲಾಳಿ, ಒಬ್ಬಳು ನರ್ಸ್.

ಕೋವಿಡ್ ಬಂದಾಗ ಅವರು ನಿವೃತ್ತರು. 2020ರ ಮೇ ತಿಂಗಳಲ್ಲಿ ಮುಂಬೈಯಿಂದ ಊರಿಗೆ ಮರಳಿದವರಿಂದ ಮಂಡ್ಯ ಜಿಲ್ಲೆಯಲ್ಲಿ, ಅದರಲ್ಲೂ ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ, ಸೋಂಕು ಏರಿತು. ಹೊಟ್ಟೆಪಾಡಿಗೆ ಮುಂಬೈ ಸೇರಿದ ಮನೆಗಳು ಈ ಭಾಗದಲ್ಲಿ ಬಹಳ. ಬಂದವರನ್ನು ಹಾಸ್ಟೆಲ್ಲು, ಶಾಲೆಗಳಲ್ಲಿ ಇರಿಸಿದರು. ಅಲ್ಲಿ ದುಡಿಯುತ್ತಿದ್ದ ಹಳೆಯ ವಿದ್ಯಾರ್ಥಿಗಳು ರಾತ್ರಿ ಫೋನು ಮಾಡುತ್ತಿದ್ದರು. ಪಿಪಿಇ ಕಿಟ್ ಒಳಗೆ ಬೆವರಿನಲ್ಲಿ ತೊಯ್ದು ತಲೆ ತಿರುಗುತ್ತದೆ ಮೇಡಂ, ಊರಿನವರು ನಮ್ಮನ್ನು ಕಂಡರೆ ದೂರ ಸರಿಯುತ್ತಾರೆ ಮೇಡಂ. ಸಿಸ್ಟರ್ ಅವರಿಗೆ ಧೈರ್ಯ ಹೇಳುತ್ತಲೇ ಕೆಲಸದ ಮಾತನ್ನೂ ಸೇರಿಸುತ್ತಿದ್ದರು. ಕಿಟ್ ಹಾಕುವುದಕ್ಕಿಂತ ತೆಗೆಯುವಾಗ ಅಪಾಯ ಹೆಚ್ಚು, ಒಬ್ಬರು ತೆಗೆಯುವಾಗ ಇನ್ನೊಬ್ಬರು ಎದುರು ನಿಂತು ಪ್ರತಿ ಹೆಜ್ಜೆಯನ್ನೂ ಕೂಗಿ ಹೇಳಿ. ಉಸಿರಾಡಲು ಕಷ್ಟಪಡುವವರನ್ನು ಬೋರಲು ಮಲಗಿಸಿ, ಬೆರಳಿನ ಆಕ್ಸಿಮೀಟರ್ ನೋಡಿ. ಎಂದೋ ಕಲಿಸಿದವರ ಬಾಯಲ್ಲಿ ಈಗಿನ ಪಾಠ ಕೇಳಿ ಮಕ್ಕಳಿಗೆ ಆಶ್ಚರ್ಯವಂತೆ. ಹೊಸ ಮಾರ್ಗಸೂಚಿ ಬಂದಾಗಲೆಲ್ಲ ಅವರು ಓದುತ್ತಿದ್ದರು, ಈಗಲೂ ಓದುತ್ತಾರೆ.

ಇತ್ತೀಚೆಗೆ ಊರಿನ ಹುಡುಗಿಯೊಬ್ಬಳು ಪಿಯುಸಿ ಮುಗಿಸಿ, ಅಪ್ಪನ ಜೊತೆ ಅವರ ಮನೆಗೆ ಬಂದಿದ್ದಳು. ಎಎನ್‌ಎಂ ಎರಡು ವರ್ಷ, ಜಿಎನ್‌ಎಂ ಮೂರು, ಬಿ.ಎಸ್ಸಿ. ನಾಲ್ಕು, ಯಾವುದು ಓದಲಿ? ಅಪ್ಪನಿಗೆ ಜರ್ಮನಿಯ ಆಸೆ, ಏಜೆಂಟ್ ಒಬ್ಬ ತಲೆ ತುಂಬಿದ್ದಾನೆ. ಸಿಸ್ಟರ್ ಬಿ.ಎಸ್ಸಿ. ಓದು ಎಂದರು. ಹೊರದೇಶಕ್ಕೆ ಹೋಗುವುದರಲ್ಲಿ ತಪ್ಪಿಲ್ಲ, ದುಡಿದು ಮನೆ ನಿಲ್ಲಿಸಿದ ಹುಡುಗಿಯರು ಬೇಕಾದಷ್ಟು. ಆದರೆ ಇಲ್ಲೂ ಒಂದು ಹೊಸ ಬಾಗಿಲು ತೆರೆದಿದೆ ಎಂದು ಬಿಡಿಸಿ ಹೇಳಿದರು. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಉಪಕೇಂದ್ರಗಳಿಗೆ ಬಿ.ಎಸ್ಸಿ. ನರ್ಸಿಂಗ್ ಓದಿದವರನ್ನು ಸಮುದಾಯ ಆರೋಗ್ಯ ಅಧಿಕಾರಿಗಳಾಗಿ ನೇಮಿಸುತ್ತಿದ್ದಾರೆ. ಹಳ್ಳಿಯ ಬಿ.ಪಿ., ಶುಗರ್, ಬಾಯಿ ಮತ್ತು ಸ್ತನ ಕ್ಯಾನ್ಸರಿನ ತಪಾಸಣೆ, ಬಾಣಂತಿಯರ ಭೇಟಿ ಎಲ್ಲ ಅವರ ಕೈಯಲ್ಲಿ. ಡಾಕ್ಟರ ಹಿಂದೆ ನಿಲ್ಲದೆ ತಾನೇ ನೋಡಿ ತೀರ್ಮಾನಿಸುವ ಇಂಥ ಕೆಲಸ ತಮ್ಮ ಕಾಲದಲ್ಲಿ ಇದ್ದಿದ್ದರೆ ಬೇರೆಲ್ಲೂ ಹೋಗುತ್ತಿರಲಿಲ್ಲ ಎಂದರು.

“ಕಾಲೇಜು ನೋಡಕ್ಕೆ ಓಗ್ತೀರಲ್ಲ, ಬಿಲ್ಡಿಂಗ್ ನೋಡ್ಬೇಡಿ” ಎಂದು ಅಪ್ಪನಿಗೆ ಹೇಳಿಕೊಟ್ಟರು. “ಆಸ್ಪತ್ರೆ ಎಲ್ಲದೆ ಅಂತ ಕೇಳಿ. ಒಳಕ್ಕೋಗಿ ಎಷ್ಟು ಆಸಿಗೇಲಿ ಜನ ಅವ್ರೆ ಎಣಿಸಿ. ವಾರ್ಡ್ನಾಗೆ ಮಕ್ಕಳ ಜೊತೆ ಟೀಚರ್ ನಿಂತವ್ರಾ ನೋಡಿ. ನಿಂತಿದ್ರೆ ಫೀಸ್ ಕಟ್ಟಿ.”